ಸಾವಿತ್ರಮ್ಮ ಒಪ್ಪಿದರೆ ಮಾತ್ರ ವ್ಯಾನು ಪಾಸು

ಬಿಕ್ಕೋಡಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಎಸ್ಟೇಟಿಗೆ ಹತ್ತುವ ದಿಬ್ಬದ ಬುಡದ ತಗಡಿನ ಶೆಡ್ಡಿನಲ್ಲಿ ಮೆಕ್ಯಾನಿಕ್ ಭೀಮರಾಜ್ ಹಳೆಯ ವ್ಯಾನೊಂದರ ಥ್ರಾಟಲ್ ಬಾಡಿ ಬಿಚ್ಚಿಕೊಂಡು ಕುಳಿತಿದ್ದಾರೆ. ಇಂಜಿನ್ನಿಗೆ ಗಾಳಿ ಹೋಗುವ ದಾರಿ ಅದು. ಆಕ್ಸಿಲರೇಟರ್ ಒತ್ತಿದರೆ ಒಳಗಿನ ದುಂಡನೆಯ ತಗಡು ವಾಲಿ ಗಾಳಿ ಬಿಡುತ್ತದೆ. ಭೀಮರಾಜ್ ಆ ದಾರಿಯನ್ನು ಕೊಂಚ ಅಗಲಿಸಿ, ಅಳತೆಗೆ ತಕ್ಕ ಹೊಸ ತಗಡು ಕೂರಿಸುತ್ತಾರೆ. ಕಾಲಿಟ್ಟ ಕೂಡಲೇ ಇಂಜಿನ್ ಓಗೊಡಬೇಕು, ಅವರ ಕಸುಬೆಲ್ಲ ಇಷ್ಟಕ್ಕೇ.

ವ್ಯಾನು ಮೋಹನ್‌ಕುಮಾರ್ ಅವರದು. ಕಾಫಿ ಕೊಯ್ಲಿನ ಹೆಂಗಸರನ್ನು ತೋಟಕ್ಕೆ ಬಿಡುವುದು ಅವರ ದುಡಿಮೆ. ನಿನ್ನೆ ಎದುರಿಗೆ ಜೀಪು ಬಂತೆಂದು ದಿಬ್ಬದ ನಡುವೆ ನಿಲ್ಲಿಸಿದ್ದಾರೆ. ಮತ್ತೆ ಹೊರಡುವಾಗ ಇಂಜಿನ್ ತಡವರಿಸಿ ವ್ಯಾನು ಹಿಂದಕ್ಕೆ ಜಾರಿದೆ. ಪುಣ್ಯಕ್ಕೆ ಯಾರಿಗೂ ಏನೂ ಆಗಿಲ್ಲ. ಆದರೆ ಹೆಂಗಸರು ಇಳಿದು ನಡೆದೇ ಹೋಗಿದ್ದಾರೆ, ಇನ್ನು ಹತ್ತುವುದಿಲ್ಲ ಎಂದೂ ಹೇಳಿದ್ದಾರೆ. ಬ್ರೇಕು, ಕ್ಲಚ್ಚು ನೆಟ್ಟಗಿವೆ. ಇವತ್ತು ಅವರ ಭಯ ಬಿಡಿಸದಿದ್ದರೆ ಮೋಹನ್‌ಕುಮಾರ್ ಕೆಲಸ ಹೋದಂತೆಯೇ.

ಭೀಮರಾಜ್ ಅರಸೀಕೆರೆಯಲ್ಲಿ ಲೇತ್ ಕೆಲಸ ಕಲಿತವರು. ತಾಯಿ ಸಾವಿತ್ರಮ್ಮ ಇಂಥದೇ ವ್ಯಾನಿನಲ್ಲಿ ಇದೇ ದಿಬ್ಬ ಹತ್ತಿ ತೋಟಕ್ಕೆ ಹೋಗುತ್ತಿದ್ದವರು. "ಮನೆಗ್ ಬಂದ್ರೂ ಅವ್ವನ ಕೈ ಮರಗಟ್ಟಿರೋದು ಸಾ. ಸೀಟು ಹಿಡ್ದೂ ಹಿಡ್ದೂ," ಎನ್ನುತ್ತಾರೆ ಭೀಮರಾಜ್. ಹಾಗಾಗಿ ಕೊನೆಯ ಪರೀಕ್ಷೆ ಅವ್ವನದು. ಬೇಲೂರಿನ ಹುಡುಗರು ಪಿಕಪ್ ಬೇಕೆಂದು ಕಾರು ತಂದರೂ ಹಿಂದಿನ ಸೀಟಿನಲ್ಲಿ ಈ ಅಜ್ಜಿಯನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಲೇಬೇಕು. ಕತ್ತು ಉಳುಕಿತು ಎಂದು ಇವರು ಅಂದರೆ ಎಂಥ ಶೋಕಿಯ ಕಾರೂ ಮತ್ತೆ ಶೆಡ್ಡಿಗೇ.

ಇವತ್ತಿನ ಮೊದಲ ಸುತ್ತಿನಲ್ಲಿ ವ್ಯಾನು ಹಿಂದೆ ಜಾರಲಿಲ್ಲ, ಆದರೆ ಕಪ್ಪೆಯ ಹಾಗೆ ನೆಗೆಯಿತು. ಸಾವಿತ್ರಮ್ಮ ಇಳಿದವರೇ, "ಹಿಂಗ್ ನೆಗೆದ್ರೆ ಯಾರ್ಲಾ ಕೂತ್ಕಂತಾರೆ?" ಎಂದರು. ಭೀಮರಾಜ್ ಮತ್ತೆ ಎಲ್ಲ ಬಿಚ್ಚಿ, ಆಕ್ಸಿಲರೇಟರಿನ ಕೇಬಲ್ ಸುತ್ತುವ ಪುಟ್ಟ ಚಕ್ರದ ಒಂದು ಬದಿಗೆ ಬೆಸುಗೆ ತುಂಬಿ ಉಬ್ಬಿಸಿ, ಅರದಿಂದ ಉಜ್ಜಿ ನುಣ್ಣಗೆ ಮಾಡಿದರು. ಈಗ ತಗಡು ಮೊದಲು ಮೆಲ್ಲಗೆ, ಆಮೇಲೆ ಬೇಗ ತೆರೆದುಕೊಳ್ಳುತ್ತದೆ.

ಅಷ್ಟರಲ್ಲಿ ಹೆಂಗಸರು ಬುತ್ತಿಯ ಚೀಲ ಹಿಡಿದು ಬಂದು ವ್ಯಾನಿನಿಂದ ದೂರವೇ ನಿಂತಿದ್ದಾರೆ. ಮೋಹನ್‌ಕುಮಾರ್ ಮುಖ ನೋಡಲಾಗುತ್ತಿಲ್ಲ. ನಾನೂ ಶೆಡ್ಡಿನ ಬಾಗಿಲಲ್ಲಿ ಕಾಯುತ್ತಾ ನಿಂತಿದ್ದೇನೆ. ಎರಡನೆಯ ಸುತ್ತು ಮುಗಿಸಿ ಬಂದ ಸಾವಿತ್ರಮ್ಮ ಈ ಸಲ ಇಳಿಯಲೇ ಇಲ್ಲ. ಕಿಟಕಿಯಿಂದ ತಲೆ ಹೊರಹಾಕಿ, "ಹತ್ರಮ್ಮಾ, ನಾನೂ ಬತ್ತೀನಿ," ಎಂದರು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಎಲ್ಲರೂ ಹತ್ತಿದರು.

ವ್ಯಾನು ದಿಬ್ಬದ ನಡುವೆ ಬೇಕೆಂದೇ ಒಮ್ಮೆ ನಿಂತು ಹೊರಟಿದೆ. ಇಂಜಿನ್ ಸದ್ದು ಚೆನ್ನಾಗಿದೆ ಎಂದು ನಾನು ಭೀಮರಾಜ್‌ಗೆ ಹೇಳುತ್ತೇನೆ. ಅವರು ಕೈ ಒರೆಸಿಕೊಳ್ಳುತ್ತಾ ಮೇಲಕ್ಕೇ ಕಿವಿಗೊಟ್ಟು ನಿಂತಿದ್ದಾರೆ.

"ಇಂಜಿನ್ ಬಿಡಿ ಸಾ. ಒಳಗೆ ಹೆಂಗಸ್ರು ಮಾತಾಡ್ತಿರೋದ್ ಕೇಳಿ. ಗಾಡಿ ನಿಂತ್ರೂ ಮಾತು ನಿಲ್ಸೇ ಇಲ್ಲ."