ಅವಳು ಕೊಟ್ಟ ಮಳೆಗಾಲದ ಮಾತು

ಕಂಪ್ಲಿಯಲ್ಲಿ ನಾನು ಶಾಲಾ ಮಾಸ್ತರನಾಗಿದ್ದಾಗ ಒಂದು ಮಾಸಪತ್ರಿಕೆ ತರಿಸುತ್ತಿದ್ದೆ. ಜಪಾನಿನಲ್ಲಿ ಮೂರೇ ಸಾಲಿನ ಕವಿತೆ ಬರೆಯುತ್ತಾರೆ, ಅದರಲ್ಲಿ ಋತುವನ್ನು ತಿಳಿಸುವ ಒಂದು ಮಾತು ಇರಲೇಬೇಕು ಎಂದು ಅದರಲ್ಲಿ ಓದಿದೆ. ನನಗೂ ಆ ಹುಚ್ಚು ಹಿಡಿಯಿತು. ಎಷ್ಟು ಕುಳಿತರೂ ಒಂದು ಸಾಲೂ ಹುಟ್ಟಲಿಲ್ಲ.

ಹೆಂಡತಿಗೆ ಓದು ಬರುತ್ತಿರಲಿಲ್ಲ. ಅವಳ ತವರು ಹೊಳೆಯಾಚೆ, ನಿಜಾಮರ ಸೀಮೆಯಲ್ಲಿ. ಜೋಳ ಹಸನು ಮಾಡುತ್ತಿದ್ದವಳನ್ನು, "ಮಳಿಗಾಲ ಅಂದ್ರ ನಿನಗ ಏನು ನೆನಪಾಗ್ತೈತಿ?" ಎಂದು ಕೇಳಿದೆ.

"ಹರಿಗೋಲು ಬೋರಲು ಹಾಕ್ತಾರಲ್ರಿ, ಅದು. ಹೊಳಿ ತುಂಬಿದ್ರ ಅಂಬಿಗರು ದಾಟ್ಸಂಗಿಲ್ಲ. ಅವ್ವನ ಮನಿ ಹೊಗಿ ಕಾಣ್ತೈತಿ, ಹೋಗಾಕ ಬರಂಗಿಲ್ಲ."

ಅದನ್ನೇ ಬರೆದೆ:

ದಡದಲ್ಲಿ ಬೋರಲು ಹರಿಗೋಲು,
ಆಚೆ ಅವ್ವನ ಒಲೆಯ ಹೊಗೆ,
ನಡುವೆ ಕೆಂಪು ನೀರು.

"ಇಷ್ಟಕ್ಕ ಪದ ಅಂತಾರೇನ್ರಿ?" ಎಂದು ಸೆರಗು ಬಾಯಿಗೆ ಹಿಡಿದು ನಕ್ಕಳು. ಆದರೂ ಮತ್ತೆ ಎರಡು ಸಲ ಓದಿಸಿದಳು.

ಪತ್ರಿಕೆಯವರು ಕವಿತೆಯನ್ನು ಹಿಂದಕ್ಕೆ ಕಳಿಸಿದರು. ಹರಿಗೋಲು ಎಂದರೆ ಮಳೆಗಾಲವೆಂದು ಯಾರಿಗೆ ತಿಳಿಯಬೇಕು, ಶ್ರಾವಣವೆಂದೋ ನವಿಲೆಂದೋ ತಿದ್ದಿರಿ ಎಂದು ಸಂಪಾದಕರು ಬರೆದಿದ್ದರು. ನನಗೆ ಅಚ್ಚಿನಲ್ಲಿ ಹೆಸರು ಕಾಣುವ ಆಸೆ. ಹರಿಗೋಲು ತೆಗೆದೆ, ಹೊಗೆ ತೆಗೆದೆ. ಶ್ರಾವಣದ ಮುಗಿಲು, ಕುಣಿಯುವ ನವಿಲು ಬಂದವು, ಯಾರೋ ಒಬ್ಬ ವಿರಹಿಣಿ ಬಂದಳು. ಹೀಗೆ ತಿದ್ದಿ ಕಳಿಸಿದ್ದನ್ನು ಹೆಂಡತಿಗೆ ಹೇಳಲಿಲ್ಲ.

ಮುಂದಿನ ಮಳೆಗಾಲದಲ್ಲಿ ಅತ್ತೆಗೆ ಚಳಿಜ್ವರವೆಂದು ಸುದ್ದಿ ಬಂತು. ಆಗಿನ್ನೂ ನೀರು ಏರಿರಲಿಲ್ಲ. ಕವಿತೆ ಅಚ್ಚಾದ ಸಂಚಿಕೆ ಟಪಾಲಿನಲ್ಲಿ ಬರುವುದಿತ್ತು. "ಇವತ್ತು ಪದ ಅಚ್ಚಾಗಿ ಬರ್ತೈತಿ, ನಾಳೆ ಹೋಗೂಣು" ಎಂದೆ. ಬೆಳಗಾಗುವಷ್ಟರಲ್ಲಿ ಹೊಳೆ ದಡ ಮೀರಿತ್ತು. ಅವಳು ಅಂಬಿಗರ ಕಾಲು ಹಿಡಿದಳು. ಅವರು ಹರಿಗೋಲು ಇಳಿಸಲಿಲ್ಲ. ಒಂಬತ್ತನೆಯ ದಿನ ದಾಟಿದೆವು. ಅತ್ತೆಯನ್ನು ಮಣ್ಣು ಮಾಡಿ ಆಗಲೇ ಆರು ದಿನವಾಗಿತ್ತು.

ತಿರುಗಿ ಬಂದ ಮೇಲೆ ಅವಳೇ ಪತ್ರಿಕೆ ತಂದು ನನ್ನ ಮುಂದಿಟ್ಟಳು. "ನಮ್ಮವ್ವನ ಪದ ಓದ್ರಿ."

ಬೇರೆ ದಾರಿ ಇರಲಿಲ್ಲ. ಅಚ್ಚಾದದ್ದನ್ನೇ ಓದಿದೆ.

"ಇದರಾಗ ನಮ್ಮವ್ವ ಎಲ್ಲಿ ಅದಾಳ್ರಿ?" ಎಂದಳು.

ಸಂಪಾದಕರು, ಋತು, ಜಪಾನು ಎಂದು ಏನೇನೋ ಹೇಳತೊಡಗಿದೆ.

"ಬ್ಯಾಡ, ಬಿಡ್ರಿ," ಎಂದು ಒಳಗೆ ಹೋದಳು.

ಆಮೇಲೆ ಎಷ್ಟೋ ವರ್ಷ ಒಂದೇ ಮನೆಯಲ್ಲಿದ್ದೆವು. ಊಟಕ್ಕೆ ಕರೆಯುತ್ತಿದ್ದಳು, ಕಾಯಿಲೆಯಾದರೆ ಕಷಾಯ ಕೊಡುತ್ತಿದ್ದಳು. ಆದರೆ ಮಳೆಯ ಬಗ್ಗೆಯಾಗಲಿ ಬಿಸಿಲಿನ ಬಗ್ಗೆಯಾಗಲಿ ನನ್ನೊಡನೆ ಒಂದು ಮಾತೂ ಆಡಲಿಲ್ಲ. ಒಮ್ಮೆ ನಾನಾಗಿಯೇ, "ಹೊರಗ ಹೆಂಗೈತಿ?" ಎಂದೆ. "ನೀವ ನೋಡ್ರಿ" ಎಂದಳು. ನೋಡಿದೆ. ನನಗೆ ಏನೂ ಕಾಣಲಿಲ್ಲ.