ಸುಟ್ಟ ಗುಡ್ಡದ ಮೇಲೆ ಜೀಪು

"ನಮ್ಮ ಸಲುವಾಗಿ ಅಂತೀರಿ, ಮತ್ತ ನಮ್ಮ ಗುಡ್ಡಾನ ಯಾಕ ತುಳೀತೀರಿ?"

ಇವತ್ತು ಬೆಳಿಗ್ಗೆ ಅರಕೇರಾ ಹತ್ತಿರ ಕುರಿ ಕಾಯುವ ಯಲ್ಲವ್ವ ಕೇಳಿದ ಮಾತಿದು, ಬಂಧುಗಳೇ.

ಅಲ್ಲಿನ ಕಾಡ್ಗಿಚ್ಚಿನಲ್ಲಿ ಗುಡಿಸಲು, ಮೇವು ಕಳೆದುಕೊಂಡವರಿಗೆ ಹಣ ಕೂಡಿಸಲೆಂದು ನಮ್ಮ ರಾಯಚೂರಿನ ಜೀಪ್ ಕ್ಲಬ್ಬು ಭಾನುವಾರ ಜೀಪುಗಳ ಓಟ ಇಟ್ಟುಕೊಂಡಿದೆ. ಕ್ಲಬ್ಬಿನ ಇಮ್ರಾನನೂ ನಾನೂ ದಾರಿ ಗುರುತಿಸಲು ಹೋಗಿದ್ದೆವು. ಸುಟ್ಟು ಬೋಳಾದ ಗುಡ್ಡ ಜೀಪು ಹತ್ತಿಸಲು ಹೇಳಿ ಮಾಡಿಸಿದಂತಿತ್ತು.

"ಎಲ್ಲಾ ಸುಟ್ಟು ಹೋಗ್ಯದಲ್ಲವ್ವಾ, ಇನ್ನೇನದ ಇಲ್ಲಿ?" ಎಂದ ಇಮ್ರಾನ.

ಯಲ್ಲವ್ವ ಬೂದಿ ಸರಿಸಿ ಹುಲ್ಲಿನ ಬುಡ ತೋರಿಸಿದಳು. "ಬೇರು ಇನ್ನಾ ಜೀವಂತ ಅದ ಯಪ್ಪಾ. ಒಂದ್ ಮಳಿ ಬಿದ್ರ ಚಿಗೀತದ. ನಿಮ್ಮ ಗಾಲಿ ಹಾದ್ರ ಅದೂ ಸಾಯ್ತದ. ಆಮ್ಯಾಲ ನನ್ನ ಕುರಿ ಏನ್ ತಿನ್ನಬೇಕು?"

ಇಮ್ರಾನ ತಲೆ ಕೆರೆದುಕೊಂಡು ಕೇಳಿದ, "ಹಂಗಾರ ಎಲ್ಲಿ ಹೊಡೀಲಿ, ನೀನ ಹೇಳವ್ವಾ."

"ಕೆಳಗ ಹಳ್ಳ ಒಣಗ್ಯದ, ಅಲ್ಲಿ ಹೊಡಿಯಪ್ಪಾ. ಉಸುಕಿನಾಗ ಸಿಕ್ಕೊಂಡ್ರ ನಾವ ಬಂದು ನೂಕ್ತೀವಿ."

ಹಾಗಾಗಿ ಓಟ ಹಳ್ಳಕ್ಕೆ ಇಳಿದಿದೆ. ಆದರೆ 'ಗುಡ್ಡ ಏರುವ ಸಾಹಸ' ಎಂದು ಬ್ಯಾನರು ಆಗಲೇ ಅಚ್ಚಾಗಿ ಬಂದುಬಿಟ್ಟಿದೆ. ಈ ಸಲ ಏರದೆ ಬಿಡುವುದೇ ಸಾಹಸವೆಂದು ತಿಳಿದು ಎಲ್ಲರೂ ಬನ್ನಿ.