ರೇಣುಕಾಳಿಗೆ ನಾನು ಮಾಡಿದ ಆಯಾರ

ರೇಣುಕಾ, ನಿನ್ನ ಮದುವೆಯಲ್ಲಿ ನಾನು ಕೊಟ್ಟ ಕಂಪ್ಯೂಟರಿನಲ್ಲಿ ನಿನ್ನ ಕೆಲಸ ನಡೆಯುವುದಿಲ್ಲ ಎಂದು ಕೊಡುವ ಮೊದಲೇ ನನಗೆ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟೆ. ನಡೆಯದಿರಲಿ ಎಂದೇ ಕೊಟ್ಟೆ.

ಈ ಕೊನೆಯ ಮಾತು ಬರೆಯುವುದಕ್ಕೆ ಮುಂಜಾನೆಯಿಂದ ಒದ್ದಾಡಿದ್ದೇನೆ. ಬರೆದಾಯಿತು. ಉಳಿದದ್ದನ್ನು ಸಾಲಾಗಿ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಬಿಡುವುದಿಲ್ಲ — ಬಿಟ್ಟರೆ ಆ ಜಾಗದಲ್ಲಿ ನನ್ನನ್ನು ನಾನು ಒಳ್ಳೆಯವಳನ್ನಾಗಿ ಮಾಡಿಕೊಂಡುಬಿಡುತ್ತೇನೆ. ಇಷ್ಟು ವರ್ಷ ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ನನ್ನ ನಾಲಿಗೆಗೆ ಆ ರೂಢಿ ಬಿದ್ದಿದೆ.

ನವಲಗುಂದದಲ್ಲಿ ನನ್ನದು ಟೈಪಿಂಗ್ ಅಂಗಡಿ. ಲಗ್ನಪತ್ರಿಕೆ, ಬ್ಯಾನರು, ಶಾಲೆಯ ಪ್ರಶ್ನೆಪತ್ರಿಕೆ, ಸಂಘದ ವರದಿ — ಎಲ್ಲವನ್ನೂ ನುಡಿಯಲ್ಲಿ ಟೈಪ್ ಮಾಡಿ, ಕೋರೆಲ್‌ನಲ್ಲಿ ಚೆಂದ ಜೋಡಿಸಿ, ಹುಬ್ಬಳ್ಳಿಯ ಪ್ರೆಸ್ಸಿಗೆ ಕಳಿಸುವ ಕೆಲಸ. ಈ ಎರಡು ಸಾಫ್ಟ್‌ವೇರ್ ಇಲ್ಲದಿದ್ದರೆ ನಮ್ಮ ಕೈ ಕಟ್ಟಿದಂತೆಯೇ. ಯಮನೂರಿನ ಕಡೆಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ನೀನು ನನ್ನ ಹತ್ತಿರವೇ ಮೌಸ್ ಹಿಡಿಯುವುದನ್ನು ಕಲಿತೆ. ನೋಡುನೋಡುತ್ತಾ ನನಗಿಂತ ಮುಂದೆ ಹೋದೆ. ಹೋಗಲಿ, ಅದರಲ್ಲಿ ನನಗೇನೂ ಸಂಕಟವಿಲ್ಲ ಎಂದುಕೊಂಡಿದ್ದೆ.

ಪತ್ರಿಕೆ ಮುಗಿದ ಮೇಲೆ ನೀನು ಅದನ್ನು ಗಿರಾಕಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. "ಕಾಕಾ, ಸ್ವಾಗತ ಕೋರುವವರಾಗ ನಿಮ್ಮ ಸಣ್ಣ ತಮ್ಮನ ಹೆಸರ ಇಲ್ಲಲ್ರಿ, ಸಿಟ್ಟೇನ್ರಿ ಅವರ ಮ್ಯಾಲ?" ಎಂದು ನಗುತ್ತ ಕೇಳುತ್ತಿದ್ದೆ. ಅವರು ತಲೆ ಕೆರೆದುಕೊಂಡು, ಸ್ವಲ್ಪ ಹೊತ್ತು ಕುಂತು, ಹೆಸರು ಸೇರಿಸಿಯೇ ಹೋಗುತ್ತಿದ್ದರು. ನನಗೆ ಅಷ್ಟು ತಾಳ್ಮೆ ಎಲ್ಲಿ? ಕೊಟ್ಟ ಹೆಸರು ಹಾಕಿದೆ, ಮುಗಿಯಿತು ಅನ್ನುವವಳು ನಾನು. ಒಂದು ದಿನ ನಿನಗೆ ಜ್ವರ. ಮಗಳ ಲಗ್ನಪತ್ರಿಕೆ ಮಾಡಿಸಲು ಬಂದ ಹಿರಿಯರೊಬ್ಬರು ಬಾಗಿಲಲ್ಲೇ ನಿಂತು ನಿನ್ನನ್ನು ಕೇಳಿದರು. ಅವಳು ಬಂದಿಲ್ಲ, ಬರ್ರಿ, ನಾನೇ ಮಾಡಿಕೊಡುತ್ತೇನೆ ಎಂದೆ.

"ಬ್ಯಾಡ್ರಿ ಅಕ್ಕಾರ. ಅಕಿ ಬಂದ ಮ್ಯಾಲ ಬರ್ತೀನಿ."

ನನ್ನ ಅಂಗಡಿ, ನನ್ನ ಬೋರ್ಡು. ಅವರು ಆರಾಮಾಗಿ ಮೆಟ್ಟಿಲಿಳಿದು ಹೋದರು. ನನಗೆ ಮೈಯೆಲ್ಲ ಉರಿಯಿತು. ಆ ಉರಿಯನ್ನು ನಿನಗೆ ಯಾವತ್ತೂ ತೋರಿಸಲಿಲ್ಲ, ಮರುದಿನ ನೀನು ಬಂದಾಗ ಜ್ವರದ ಗುಳಿಗೆ ತಗೊಂಡೆಯಾ ಎಂದು ಕೇಳಿದೆ.

ಆಮೇಲೆ ನಿನ್ನ ಮದುವೆ ಕಲಘಟಗಿಯ ಕಡೆ ನಿಶ್ಚಯವಾಯಿತು. ಹುಡುಗಿ ಕಂಪ್ಯೂಟರ್ ಕೆಲಸ ಮಾಡುತ್ತಾಳೆ, ಮದುವೆಯಾದ ಮೇಲೂ ಮನೆಯಿಂದಲೇ ಮಾಡುತ್ತಾಳೆ ಎಂದು ಬೀಗರಿಗೆ ಹೇಳಿಯೇ ಮಾತು ಮುಗಿಸಿದ್ದರು. ನಿನ್ನ ಅಪ್ಪ ಫಕ್ಕೀರಪ್ಪ ಕಾಕಾ ನಿನಗೊಂದು ಲ್ಯಾಪ್‌ಟಾಪ್ ಕೊಡಿಸಬೇಕೆಂದು, ಅದಕ್ಕಾಗಿಯೇ ಕುರಿ ಮಾರಿ, ನನ್ನನ್ನು ಕೇಳಲು ಅಂಗಡಿಗೆ ಬಂದರು. ನೀನು ಬಾಜುವಿನಲ್ಲಿ ನಿಂತಿದ್ದೆ. ಮುಖದ ತುಂಬ ನಗು.

"ಅಕ್ಕಾರ, ಈಗ ತಗೊಳ್ಳೂಣೋ, ಲಗ್ನ ಆದ ಮ್ಯಾಲ ತಗೊಳ್ಳೂಣೋ? ನಮಗೇನ ತಿಳಿತೈತ್ರಿ. ನೀವು ಹ್ಯಾಂಗಂತೀರಿ ಹಂಗ."

ಅದಕ್ಕೆ ಸರಿಯಾದ ಉತ್ತರ ಒಂದೇ ಇತ್ತು — ಈಗಲೇ. ತವರಿನಿಂದ ತಂದದ್ದು ನಿನ್ನದಾಗಿ ಉಳಿಯುತ್ತದೆ. ಆಮೇಲೆ ತರಬೇಕೆಂದರೆ ಹೊಲದ ಬಿತ್ತಿಗೆ, ಬಾಣಂತನ, ನಾದಿನಿಯ ಮದುವೆ ಎಲ್ಲ ಮುಗಿದು ಅದರ ಪಾಳಿ ಬರಬೇಕು. ಹೆಣ್ಣುಮಗಳಾಗಿ ನನಗೆ ಇದು ತಿಳಿಯದ್ದೇನಲ್ಲ. ಆದರೆ ನನ್ನ ತಲೆಯಲ್ಲಿ ಓಡಿದ್ದು ಬೇರೆ. ಲ್ಯಾಪ್‌ಟಾಪ್ ಇದ್ದರೆ ನೀನು ಕಲಘಟಗಿಯಲ್ಲಿದ್ದರೇನು, ನವಲಗುಂದದಲ್ಲಿದ್ದರೇನು? ಜನ ಹೆಸರುಗಳನ್ನು ವಾಟ್ಸ್ಯಾಪಿನಲ್ಲಿ ಕಳಿಸುತ್ತಾರೆ, ನೀನು ಫೋನಿನಲ್ಲೇ ಓದಿ ಹೇಳುತ್ತೀ, ಫೈಲು ನೆಟ್ಟಗೆ ಹುಬ್ಬಳ್ಳಿಗೆ ಹೋಗುತ್ತದೆ. ನನ್ನ ಅಂಗಡಿ ಯಾರಿಗೆ ಬೇಕು? ಅದೇ ಲ್ಯಾಪ್‌ಟಾಪ್ ಇಲ್ಲದಿದ್ದರೆ ನೀನು ಸಂಸಾರದಲ್ಲಿ ಮುಳುಗುತ್ತೀ, ಗಿರಾಕಿಗಳು ಬೇರೆ ದಾರಿಯಿಲ್ಲದೆ ನನ್ನ ಹತ್ತಿರ —

ಹೌದು, ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಆಗ ಕಂಪ್ಯೂಟರನ್ನು ನಡೆಸುವ ವಿಂಡೋಸಿನ ಏಳನೆಯ ಆವೃತ್ತಿ ನಿಲ್ಲುತ್ತದೆ ಎಂಬ ಸುದ್ದಿ ಎಲ್ಲ ಕಡೆ ಇತ್ತು. ಅದೇ ನನ್ನ ಕೈಗೆ ಸಿಕ್ಕಿತು. "ಈಗ ತಗೋಬ್ಯಾಡ್ರಿ ಕಾಕಾ," ಎಂದೆ. "ಕಂಪ್ಯೂಟರಿನಾಗಿನ ವಿಂಡೋಸ್ ಬದಲಾಗಾಕತ್ತೈತಿ. ಇವತ್ತ ತಂದ್ರ ನಾಳೆ ಹಳೇದಾಗ್ತೈತಿ. ಒಂದ ವರ್ಷ ತಡೀರಿ."

ಸುಳ್ಳು. ಪೇಟೆಗೆ ಬರುತ್ತಿದ್ದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಆಗಲೇ ಹತ್ತನೆಯದು ಇತ್ತು. ನಿಲ್ಲುವುದು ನನ್ನಂಥವರ ಹಳೆ ಕಂಪ್ಯೂಟರುಗಳಲ್ಲಿದ್ದದ್ದು. ನಿನಗೂ ಇದು ಅಷ್ಟಿಷ್ಟು ಗೊತ್ತಿತ್ತು ಅನ್ನಿಸುತ್ತದೆ. ನೀನು ಏನೋ ಕೇಳಬೇಕೆಂದು ಬಾಯಿ ತೆರೆದೆ, ನನ್ನ ಮುಖ ನೋಡಿ ಹೌದೆಂದು ತಲೆಯಾಡಿಸಿದೆ. ಕಲಿಸಿದವಳು ಹೇಳಿದ ಮೇಲೆ ಇನ್ನೇನು ಎಂದಿರಬೇಕು.

ಕಾಕಾನ ಮುಖ ಬಾಡಿತು. "ಹಂಗಾರ ಹುಡುಗಿ ಬರಿಗೈಲೆ ಹೋಗಬೇಕೇನ್ರಿ? ಬೀಗರಿಗೆ ಮಾತು ಕೊಟ್ಟೀನ್ರಿ" ಎಂದರು. ನನಗೆ ಭಯವಾಯಿತು. ಇವರು ಇಲ್ಲಿಂದ ಎದ್ದು ಹುಬ್ಬಳ್ಳಿಯ ಯಾವುದಾದರೂ ಅಂಗಡಿಗೆ ಹೋಗಿ ಕೇಳಿಬಿಟ್ಟರೆ? ತಕ್ಷಣ ಹೇಳಿದೆ: ನಮ್ಮ ಅಂಗಡಿಯದೇ ಒಂದು ಕಂಪ್ಯೂಟರನ್ನು ಮದುವೆಯ ಉಡುಗೊರೆಯಾಗಿ ನಾನು ಆಯಾರ ಮಾಡುತ್ತೇನೆ. ಕಾಕಾ ಎದ್ದು ನಿಂತು ಕೈ ಮುಗಿದರು. ನೀನು ಅತ್ತುಬಿಟ್ಟೆ. ಇಬ್ಬರನ್ನೂ ನೋಡುತ್ತ ನಾನು ನಿಜವಾಗಿಯೂ ದೊಡ್ಡ ಮನಸ್ಸಿನವಳು ಎಂದು ಒಂದು ಕ್ಷಣ ನಾನೇ ನಂಬಿದೆ.

ಗೋಡೆಯ ಬದಿಗಿದ್ದ ಆ ಕಂಪ್ಯೂಟರು ನಿನಗೆ ನೆನಪಿದೆ. ನಿಧಾನ, ಆದರೆ ಕೆಲಸಕ್ಕೆ ಬರುತ್ತಿತ್ತು. ವಿಂಡೋಸ್ ನಿಂತರೂ ಕಂಪ್ಯೂಟರೇನು ಮರುದಿನ ಸಾಯುವುದಿಲ್ಲ. ಹೊಸ ಅಪ್‌ಡೇಟ್ ಬರುವುದಿಲ್ಲ, ಅಷ್ಟೆ. ಇದ್ದದ್ದು ಇದ್ದಂತೆ ಕೊಟ್ಟಿದ್ದರೂ ನೀನು ಅದರಲ್ಲೇ ನುಡಿ ತೆರೆದು, ಕೋರೆಲ್ ತೆರೆದು ವರ್ಷಗಟ್ಟಲೆ ಪತ್ರಿಕೆ ಮಾಡುತ್ತಿದ್ದೆ. ಹಾಗೆ ಕೊಡಲಿಲ್ಲ. ರಿಪೇರಿಯ ಮೌಲಾಸಾಬನನ್ನು ಕರೆಸಿ, ಎಲ್ಲ ಅಳಿಸಿ ಲಿನಕ್ಸ್ ಹಾಕು ಎಂದೆ. ಲಿನಕ್ಸ್ ಅಂದರೆ ವಿಂಡೋಸಿನ ಬದಲು ಕಂಪ್ಯೂಟರನ್ನು ನಡೆಸುವ ಇನ್ನೊಂದು ವ್ಯವಸ್ಥೆ, ಪುಕ್ಕಟೆ ಸಿಗುತ್ತದೆ. ಅದು ಕೆಟ್ಟದ್ದಲ್ಲ, ಎಷ್ಟೋ ಜನರಿಗೆ ಚೆನ್ನಾಗಿ ಕೆಲಸ ಕೊಡುತ್ತದೆ. ನಮ್ಮ ಕೆಲಸಕ್ಕೆ ಮಾತ್ರ ಒಗ್ಗುವುದಿಲ್ಲ.

ಮೌಲಾಸಾಬ ಬಾಯಿಬಿಟ್ಟೇ ಹೇಳಿದ. "ಅಕ್ಕಾರ, ಇದರಾಗ ನುಡಿ ಓಡೂದಿಲ್ರಿ, ಕೋರೆಲ್ಲೂ ಇಲ್ಲ. ಯಾರಿಗ್ರಿ ಇದು?"

"ಮನ್ಯಾಗ ಇಡಾಕ," ಎಂದೆ. "ನೀ ಹಾಕು."

ಮದುವೆಯ ದಿನ ಆಯಾರದ ಹೊತ್ತಿನಲ್ಲಿ, ಯಾರು ಏನು ಕೊಟ್ಟರು ಎಂದು ಮೈಕಿನಲ್ಲಿ ಕೂಗುವಾಗ, ನನ್ನ ಹೆಸರಿನ ಜೊತೆ "ಒಂದು ಕಂಪ್ಯೂಟರ್!" ಎಂದು ಎರಡು ಸಲ ಕೂಗಿದರು. ಪೆಂಡಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆ ಕೂಗಿನಿಂದಲೇ ನಿನ್ನ ಲ್ಯಾಪ್‌ಟಾಪ್ ಸತ್ತಿತು, ರೇಣುಕಾ. ಸೊಸೆ ಕಂಪ್ಯೂಟರ್ ತಂದಿದ್ದಾಳೆ ಎಂದು ನಿನ್ನ ಅತ್ತೆಯ ಕಡೆಯ ಊರಿಗೆಲ್ಲ ಗೊತ್ತಾದ ಮೇಲೆ ಇನ್ನೊಂದು ಯಾಕೆ ಬೇಕು? ಕಾಕಾ ಕೂಡ, "ಅಕ್ಕಾರು ಇಷ್ಟ ದೊಡ್ಡ ಆಯಾರ ಮಾಡ್ಯಾರ, ಅದರ ಮ್ಯಾಲ ನಾ ಮತ್ತೊಂದ ತಂದ್ರ ಅವರಿಗೆ ಅವಮಾನ ಆಗ್ತೈತಿ" ಎಂದು ಕುರಿಯ ದುಡ್ಡಿನಲ್ಲಿ ನಿನ್ನ ಕಿವಿಗೆ ಬೆಂಡೋಲಿ, ಜುಮಕಿ ಮಾಡಿಸಿದರು. ಜುಮಕಿ ನೋಡಿ ಚೆಂದ ಅದಾವ ಎಂದು ನಾನೂ ಹೊಗಳಿದೆ.

ಇಷ್ಟಕ್ಕೇ ನಿಂತಿದ್ದರೆ — ನಿಲ್ಲಲಿಲ್ಲ.

ಮದುವೆಯ ಮುಂದಿನ ತಿಂಗಳುಗಳಲ್ಲಿ ನೀನು ಫೋನ್ ಮಾಡುತ್ತಿದ್ದೆ. ಪೆನ್‌ಡ್ರೈವಿನಲ್ಲಿ ಒಯ್ದಿದ್ದ ನಿನ್ನ ಹಳೆ ಪತ್ರಿಕೆಗಳನ್ನು ತೆರೆದರೆ ಕನ್ನಡದ ಬದಲು ಗೆರೆ, ಚುಕ್ಕೆ, ಇಂಗ್ಲಿಷಿನ ಮುರುಕು ಅಕ್ಷರ ಕಾಣುತ್ತವೆ ಎನ್ನುತ್ತಿದ್ದೆ. ನುಡಿ ಹಾಕಲು ಹೋದರೆ ಒಳಗೇ ಬರುತ್ತಿಲ್ಲ ಎನ್ನುತ್ತಿದ್ದೆ. ಪರದೆಯೇ ಬೇರೆ ಥರ ಕಾಣುತ್ತದೆ ಎಂದು ನೀನು ಕೇಳಿದರೆ, ಅದು ಹೊಸ ಥರದ್ದು, ರೂಢಿಯಾಗುತ್ತದೆ ಎಂದೆ. ಆಫ್ ಮಾಡಿ ಆನ್ ಮಾಡು ಎಂದೆ. ಇನ್ನೊಂದು ಪೆನ್‌ಡ್ರೈವ್ ಹಚ್ಚಿ ನೋಡು ಎಂದೆ. ಸರಿಯಾಗಿ ಓದಿ ಒತ್ತುತ್ತೀಯೋ ಇಲ್ಲವೋ ಎಂದೂ ಗದರಿದೆ. ನೀನು ಹೇಳಿದ್ದನ್ನೆಲ್ಲ ಮಾಡಿ, ಮತ್ತೆ ಫೋನ್ ಹಚ್ಚಿ, ಆಗಲಿಲ್ಲ ಎನ್ನುತ್ತಿದ್ದೆ. ಆಗುವುದಿಲ್ಲ ಎಂದು ನನಗೆ ಗೊತ್ತಿರುವುದನ್ನು ನಿನ್ನಿಂದ ಮತ್ತೆ ಮತ್ತೆ ಮಾಡಿಸಿದೆ. ಕೊನೆಗೆ ಒಂದು ಸಂಜೆ ನಿನ್ನ ದನಿ ಸಣ್ಣದಾಗಿತ್ತು.

"ನನಗ ತಲಿ ಸಾಲವಲ್ದು ಕಾಣ್ತೈತ್ರಿ ಅಕ್ಕಾರ. ನಿಮ್ಮ ಬಾಜುಕ ಕುಂತಾಗಷ್ಟ ಬರ್ತಿತ್ತು."

ನಾನು ಹೇಳಿದೆ — ಈ ಮಾತು ಯಾವ ನೀರಿನಲ್ಲೂ ತೊಳೆದು ಹೋಗುವಂಥದ್ದಲ್ಲ — "ಇರ್ಲಿ ಬಿಡವಾ. ಎಲ್ಲಾರಿಗೂ ಎಲ್ಲಾ ಬರೂದಿಲ್ಲ."

ಆಮೇಲೆ ನೀನು ಕಂಪ್ಯೂಟರಿನ ಸುದ್ದಿ ಎತ್ತಲಿಲ್ಲ. ಒಮ್ಮೆ ಕಲಘಟಗಿಗೆ ಬ್ಯಾನರಿನ ಕೆಲಸಕ್ಕೆ ಬಂದವಳು ನಿಮ್ಮ ಮನೆಗೂ ಬಂದೆ. ಪಡಸಾಲೆಯ ಮೂಲೆಯಲ್ಲಿ ಅದಕ್ಕೆ ನೀನೇ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದೆ. ದಸರೆಯಲ್ಲಿ ಹಚ್ಚಿದ ಕುಂಕುಮ ಇನ್ನೂ ಇತ್ತು. ಅಕ್ಕಾರು ಕೊಟ್ಟದ್ದು ಎಂದು ನೀನು ಯಾರಿಗೂ ಮುಟ್ಟಗೊಡುವುದಿಲ್ಲ ಎಂದು ನಿನ್ನ ಅತ್ತೆ ನಗಾಡಿದರು. ಆವತ್ತು ಹೇಳಬಹುದಿತ್ತು. ನೀನು ಹೊಲದಿಂದ ಆಗಷ್ಟೇ ಬಂದಿದ್ದೆ, ಕಾಲಿಗೆ ಗದ್ದೆಯ ಕೆಸರು ಹಾಗೇ ಇತ್ತು. ಹೇಳಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.

ಗಿರಾಕಿಗಳ ವಿಷಯವೂ ಹೇಳಿಬಿಡುತ್ತೇನೆ. ಸ್ವಲ್ಪ ಜನ ಮರಳಿದರು, ಬಹಳ ಜನ ಬೇರೆ ಅಂಗಡಿ ನೋಡಿಕೊಂಡರು. ನಿನ್ನನ್ನು ಕೂಡಿಹಾಕಿ ನಾನು ಉಳಿಸಿಕೊಂಡದ್ದು ಅಷ್ಟೇ.

ಈಗ ಹತ್ತನೆಯ ವಿಂಡೋಸಿನ ಪಾಳಿ ಬಂದಿದೆ, ಅದೂ ನಿಂತಿತು. ನನ್ನ ಅಂಗಡಿಯ ಹಳೆ ಕಂಪ್ಯೂಟರನ್ನು ನೋಡಿದ ಮೌಲಾಸಾಬ, ಇದು ಹೊಸ ವಿಂಡೋಸ್ ತಡೆಯುವುದಿಲ್ಲ, ಲಿನಕ್ಸ್ ಹಾಕಲೇ ಎಂದು ಕೇಳಿದ. "ಬ್ಯಾಡಪಾ, ನುಡಿ ಓಡೂದಿಲ್ಲ" ಎಂದು ಥಟ್ಟನೆ ಅಂದೆ. ಅಂದವಳಿಗೆ ಕೆಲಸ ಮುಂದೆ ಸಾಗಲಿಲ್ಲ. ಅಂಗಡಿಯ ಬಾಗಿಲು ಎಳೆದುಕೊಂಡು ಮನೆಗೆ ಹೋದೆ.

ಅದೇ ವಾರ ನಿನ್ನ ಫೋನ್ ಬಂತು. ನಿಮ್ಮೂರಿನ ಹೆಣ್ಣುಮಕ್ಕಳ ಸಂಘಕ್ಕೆ ಟೈಪಿಂಗ್ ಬಲ್ಲವರು ಬೇಕಾಗಿದ್ದಾರೆ, ನಿನ್ನ ಗಂಡ ಬಸವರಾಜ ಲ್ಯಾಪ್‌ಟಾಪ್ ತರುತ್ತೇನೆ ಎಂದು ಹಟ ಹಿಡಿದಿದ್ದಾನೆ ಎಂದು ನೀನು ಹೇಳಿದೆ. ನನಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಆದರೆ ನೀನು ಫೋನ್ ಮಾಡಿದ್ದು ಅದಕ್ಕಲ್ಲ.

"ನೀವ ಒಂದ ಮಾತು ಹೇಳ್ರಿ ಅವರಿಗೆ, ಬ್ಯಾಡ ಅಂತ. ನನ್ನ ಕೈಲೆ ಆಗೂದಿಲ್ರಿ ಅಕ್ಕಾರ. ಮೊದಲ ನೋಡೀನಲ್ರಿ. ಸುಮ್ನ ನಾಕ ಮಂದ್ಯಾಗ ನಗಿಪಾಟಲಿ."

ನಾನು ಅಂದು ಬಿತ್ತಿದ್ದನ್ನು ನೀನೇ ಇಷ್ಟು ವರ್ಷ ನೀರು ಹಾಕಿ ಬೆಳೆಸಿದ್ದೆ. ಹೇಳುತ್ತೇನೆ ಎಂದು ಫೋನ್ ಇಟ್ಟೆ.

ಹೇಳಿದೆ. ಬಸವರಾಜನಿಗೆ ಫೋನ್ ಹಚ್ಚಿ, ತಡ ಮಾಡಬೇಡಪ್ಪ, ಈ ವಾರವೇ ತಗೋ, ವಿಂಡೋಸ್ ಇರುವುದನ್ನೇ ತಗೋ, ಅಂಗಡಿಯಲ್ಲೇ ನುಡಿ ಹಾಕಿಸಿ ಅವಳ ಕೈಯಿಂದ ಒಂದು ಸಾಲು ಟೈಪ್ ಮಾಡಿಸಿ ನೋಡಿಯೇ ತಗೋ ಎಂದೆ. "ತಗೋತೀನ್ರಿ, ಅಕಿ ಒಲ್ಲೆ ಅಂತಾಳಲ್ರಿ" ಎಂದ. ಆಗ ಮಿಕ್ಕದ್ದನ್ನೂ ಹೇಳಿದೆ. ಮೌಲಾಸಾಬ ಅಂದದ್ದು, ನಾನು ಅಂದದ್ದು, ಎಲ್ಲ. ಬೈದರೆ ಬೈಯಲಿ ಎಂದು ಕಾದೆ. ಫೋನಿನಲ್ಲಿ ಅವನ ಹಿಂದೆ ಎಲ್ಲೋ ಎಮ್ಮೆ ಒದರುವುದು ಕೇಳುತ್ತಿತ್ತು.

"ಅಕಿ ಇಷ್ಟ ವರ್ಷ ತನ್ನ ತಾನ ದಡ್ಡಿ ಅಂದ್ಕೊಂಡಾಳ್ರಿ. ಇದನ್ನ ನನಗ್ಯಾಕ ಹೇಳಾಕತ್ತೀರಿ? ಅಕಿಗೆ ಹೇಳ್ರಿ."

ಅವನ ಮಾತು ಖರೆ. ನಿನ್ನ ಗಂಡನಿಗೆ ಹೇಳಿ ನಾನು ಹಗುರಾಗಲು ಹೊರಟಿದ್ದೆ. ಅವನು ನಿನಗೆ ಏನೂ ಹೇಳುವುದಿಲ್ಲವಂತೆ, ನಾನು ಬರುವವರೆಗೆ ಲ್ಯಾಪ್‌ಟಾಪನ್ನೂ ತರುವುದಿಲ್ಲವಂತೆ. ಹೆದರಿಕೊಂಡು ಮುಟ್ಟಿದರೆ ಅವಳಿಗೆ ಬರುವುದಿಲ್ಲ, ಮೊದಲು ನೀವು ಬಂದು ಹೇಳಿ ಎಂದಿದ್ದಾನೆ.

ಹೊಸ ಲ್ಯಾಪ್‌ಟಾಪ್ ನಾನೇ ತಂದು ಕೊಡಲೇ ಎಂಬ ಆಸೆ ಒಂದು ಸಲ ಬಂತು. ತರುವುದಿಲ್ಲ. ಕೊಡುವವಳಾಗಿ ಬಂದರೆ ನೀನು ಮತ್ತೆ ಕೈ ಮುಗಿಯುತ್ತೀ. ಅದನ್ನು ನೋಡುವ ಯೋಗ್ಯತೆ ನನಗಿಲ್ಲ.

ಈ ಕಾಗದವನ್ನು ಅಂಚೆಗೆ ಹಾಕದೆ, ಗುರುವಾರ ಮುಂಜಾನೆಯ ಬಸ್ಸಿಗೆ ನಾನೇ ಬರುತ್ತೇನೆ. ಇಲ್ಲಿ ಬರೆದಿರುವುದನ್ನೇ, ಹೀಗೇ, ನಿನ್ನ ಎದುರು ಹೇಳುತ್ತೇನೆ, ನಿನ್ನ ಅತ್ತೆಯೂ ಇರಲಿ. ನಿನ್ನ ತಲೆ ಅವತ್ತೂ ಸರಿಯಿತ್ತು, ಇವತ್ತೂ ಸರಿಯಿದೆ. ಬಂದವಳನ್ನು ಕಂಡ ಕೂಡಲೇ ನೀನು ಚಹಾ ಇಡಲು ಒಳಗೆ ಹೋಗುತ್ತೀ — ಹೋಗಬೇಡ, ನಿಲ್ಲು. ಚಹಾ ಕುಡಿದ ಮೇಲೆ ನನ್ನ ಬಾಯಿಂದ ಇದು ಬರುವುದಿಲ್ಲ. ಹೇಳಿದ ಮೇಲೆ ಚಹಾ ಕೊಡುವುದು ಬಿಡುವುದು ನಿನಗೆ ಬಿಟ್ಟದ್ದು.